‘ಡರ್ಟ್’ ಎಂಬ ಶಬ್ದದ ಚರಿತ್ರೆ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಏಳುಬೀಳುಗಳುಂಟು. ಗೌರವದಲ್ಲಿ ಹುಟ್ಟಿ ಕೀಳುಗೊಂಡ ಶಬ್ದಗಳು ಕೆಲವು. ಹೀನಾರ್ಥದಲ್ಲಿ ಹುಟ್ಟಿ ಮೆಲ್ಲಮೆಲ್ಲನೆ ಮೇಲಕ್ಕೇರಿದವು ಕೆಲವು. ನಾವು ಈಗ ವಿಚಾರಮಾಡಹೊರಟಿರುವ ‘ಡರ್ಟ್’ ಎಂಬ ಆಂಗ್ಲ ಶಬ್ದ ಎರಡನೆಯ ವರ್ಗಕ್ಕೆ ಸೇರಿದುದು. ಇದನ್ನು ಕನ್ನಡಿಸಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ತೊಡಕು ತಪ್ಪದು. ಅಂಗಿಗೆ ಹತ್ತಿದ ‘ಡರ್ಟ್’ ಕೊಳೆ. ಬೀದಿಯ ‘ಡರ್ಟ್’ ರೊಚ್ಚೆ. ಅಮೆರಿಕದ ರೈತನು ಉಳುವ ‘ಡರ್ಟ್’ ಮಣ್ಣು. ಕೊಳೆಯನ್ನು ನಾವು ತೊಳೆದುಕೊಳ್ಳುತ್ತೇವೆ, ಮಣ್ಣಿನಲ್ಲಿ ಬಿತ್ತಿಕೊಳ್ಳುತ್ತೇವೆ. ಇವೆರಡಕ್ಕೂ ಒಂದೇ ಹೆಸರು ಸಂದುದು ಹೇಗೆ?

ಈ ಶಬ್ದ ಇಂಗ್ಲೆಂಡಿಗೆ ಹಡಗೇರಿ ಬಂದುದು. 793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಸುಲಿದ ಉತ್ತರದೇಶದ ನಾವಿಕರು ಮುಂದೆ ಆ ದ್ವೀಪದ ಪೂರ್ವಭಾಗದಲ್ಲಿ ನೆಲಸಿ ಬೇಸಾಯಮಾಡತೊಡಗಿದರು. ಅವರ ನೆರೆಹೊರೆಯಿಂದ ಆಂಗ್ಲರಿಗೆ ದೊರೆತ ಮಾತುಗಳು ಅನೇಕ. ಆಕಾಶಕ್ಕೆ ‘ಸ್ಕೈ’, ಮೊಟ್ಟೆಗೆ ‘ಎಗ್’, ಕಿಟಕಿಗೆ ‘ವಿಂಡೋ’, ಇವೆಲ್ಲ ಆ ಬಳುವಳಿಯೇ. ಅದೇ ಗುಂಪಿನಲ್ಲಿ ಬಂದುದು ‘ದ್ರಿತ್’. ಅದರ ಅರ್ಥ ಮಣ್ಣಲ್ಲ, ಕೊಳೆಯೂ ಅಲ್ಲ; ಪುರೀಷ. ಮಲದಿಂದ ಕೆಸರಿಗೆ, ಕೆಸರಿನಿಂದ ಸಮಸ್ತ ಮಾಲಿನ್ಯಕ್ಕೆ ಅದರ ಅರ್ಥ ವಿಸ್ತರಿಸಿತು.

‘ದ್ರಿತ್’ ಎಂಬುದು ‘ಡರ್ಟ್’ ಆದುದು ವರ್ಣಪಲ್ಲಟದಿಂದ. ರಕಾರವೂ ಅದರ ಮುಂದಿನ ಸ್ವರವೂ ಸ್ಥಾನವನ್ನು ಬದಲಾಯಿಸಿಕೊಂಡವು. ಈ ಪಲ್ಲಟ ಹದಿನೈದನೆಯ ಶತಮಾನದಲ್ಲಿ ಕಾಣಬರುತ್ತದೆ. ಇದು ಒಂದು ಶಬ್ದದ ಚಾಪಲ್ಯವಲ್ಲ: ಹಕ್ಕಿಗೆ ಹಿಂದೆ ‘ಬ್ರಿದ್’ ಎಂದಿದ್ದುದು ‘ಬರ್ಡ್’ ಆಯಿತು, ಮೂರನೆಯದೆಂಬರ್ಥದ ‘ಥ್ರಿದ್ದ’ ‘ಥರ್ಡ್’ ಆಯಿತು.

ಬರಿಯ ಮಣ್ಣು ಎಂಬ ಅರ್ಥ ಇದಕ್ಕೆ ಸ್ಪಷ್ಟವಾಗಿ ಕೂಡಿಕೊಂಡುದು ಹದಿನೇಳನೆಯ ಶತಮಾನದ ಕಡೆಯಲ್ಲಿ. ಇಂಗ್ಲೆಂಡಿನವರಿಗೆ ಇಂದಿಗೂ ತೋಟದ ಮಣ್ಣನ್ನು ‘ಡರ್ಟ್’ ಎನ್ನಲು ನಾಲಗೆ ಅಷ್ಟಾಗಿ ಏಳದು. ಅಮೆರಿಕದಲ್ಲಾದರೋ ಅದು ನಿತ್ಯದ ಮಾತು. ಮಣ್ಣುರಸ್ತೆ ಅಲ್ಲಿ ‘ಡರ್ಟ್ ರೋಡ್’. ಕ್ಯಾಲಿಫೋರ್ನಿಯದಲ್ಲಿ 1848ರಲ್ಲಿ ಚಿನ್ನ ದೊರೆತಮೇಲೆ ಗಣಿಗಾರರು ಲಾಭ ತರುವ ಮಣ್ಣಿಗೆ ‘ಪೇ ಡರ್ಟ್’ ಎಂದು ಹೆಸರಿಟ್ಟರು. ಮಲವೆಂದು ಹುಟ್ಟಿದ ಶಬ್ದಕ್ಕೆ ಕಡೆಗೆ ಚಿನ್ನದ ಸಹವಾಸ ಲಭಿಸಿತು!

ಇದರ ಸೋದರಶಬ್ದಗಳ ಗತಿ ಬೇರೆ. ‘ಅರ್ಥ್’ ಎಂಬುದು ಇಂಗ್ಲಿಷಿನ ಹಳೆಯ ಮನೆಮಾತು. ಜರ್ಮನ್ನಿನ ‘ಏರ್ಡೆ’ ಅದರ ದಾಯಾದಿ. ನೆಲವೆಂಬ ಅರ್ಥದಿಂದ ಹೊರಟು ಅದು ಭೂಗ್ರಹದ ಹೆಸರಾಯಿತು. ‘ಸಾಯಿಲ್’ ಎಂಬುದು 1066ರ ನಾರ್ಮನ್ ವಿಜಯದ ತರುವಾಯ ಫ್ರೆಂಚಿನ ಮೂಲಕ ಬಂದುದು. ಪೀಠವೆಂಬರ್ಥದ ‘ಸೋಲಿಯಂ’, ನೆಲವೆಂಬರ್ಥದ ‘ಸೋಲಂ’ ಎಂಬ ಎರಡು ಲ್ಯಾಟಿನ್ ಶಬ್ದಗಳ ಛಾಯೆ ಅದರಲ್ಲಿ ಬೆರೆತಿದೆ. ಆದರೆ ಆ ಗಂಭೀರ ಶಬ್ದಕ್ಕೂ ಕಳಂಕ ತಪ್ಪಲಿಲ್ಲ. ಮಲಿನಗೊಳಿಸು ಎಂಬರ್ಥದ ‘ಸಾಯಿಲ್’ ಎಂಬ ಕ್ರಿಯಾಪದವೂ ಫ್ರೆಂಚಿನಿಂದಲೇ ಬಂದಿತು. ಅದನ್ನು ಹಂದಿಯ ಲ್ಯಾಟಿನ್ ಹೆಸರಿಗೆ ಒಯ್ಯುವ ವಿದ್ವಾಂಸರುಂಟು. ಎರಡು ಬೇರೆ ಮೂಲಗಳು. ಉಚ್ಚಾರ ಮಾತ್ರ ಒಂದೇ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಾಚೀನ ಧಾತುವನ್ನು ನೋಡೋಣ. ನೆಲಕ್ಕೆ ಲ್ಯಾಟಿನ್ನಿನಲ್ಲಿ ‘ಹ್ಯೂಮಸ್’, ಮನುಷ್ಯನಿಗೆ ‘ಹೋಮೋ’: ಎರಡೂ ಒಂದೇ ಬೇರಿನ ಚಿಗುರುಗಳು. ನೆಲಕ್ಕಿರುವ ಸಂಸ್ಕೃತದ ‘ಕ್ಷಮ್’ ಎಂಬ ಶಬ್ದವೂ ಅದೇ ವಂಶದ್ದೆಂದು ಭಾಷಾಶಾಸ್ತ್ರಜ್ಞರ ನಿರ್ಣಯ. ವಿನಯಶೀಲನೆಂಬರ್ಥದ ‘ಹಂಬಲ್’ ಕೂಡ ಆ ‘ಹ್ಯೂಮಸ್’ನಿಂದಲೇ ಬಂದುದು. ಮನುಷ್ಯನು ತನ್ನನ್ನು ನೆಲದವನೆಂದು ಕರೆದುಕೊಂಡ ಕಾಲ ಅದು.

ಹೆಸರಿನಿಂದೇನು, ವಸ್ತು ಒಂದೇ ಅಲ್ಲವೇ ಎಂದು ಕೇಳುವವರುಂಟು. ಅಮೆರಿಕದ ಮಧ್ಯಬಯಲಿನ ಚರಿತ್ರೆ ಅವರಿಗೆ ಉತ್ತರ ಕೊಡುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿತು. ಬೇರುಗಳಿಂದ ಮಣ್ಣನ್ನು ಹಿಡಿದಿದ್ದ ಹುಲ್ಲುಗಾವಲನ್ನು ಜನರು ಉತ್ತುಹಾಕಿದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ ಮೇಲ್ಮಣ್ಣು ಧೂಳಾಗಿ ಎದ್ದಿತು. 1934ರ ಮೇ ತಿಂಗಳಲ್ಲಿ ಆ ಧೂಳು ಪೂರ್ವತೀರದ ನಗರಗಳನ್ನು ಮುಟ್ಟಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲೆಯಾಯಿತು. ಅದೇ ತಿಂಗಳು ಮಣ್ಣಿನ ಸಂರಕ್ಷಣೆಗೆಂದೇ ಒಂದು ಸರಕಾರಿ ಇಲಾಖೆ ಸ್ಥಾಪಿತವಾಯಿತು. ಹ್ಯೂ ಹ್ಯಾಮಂಡ್ ಬೆನೆಟ್ ಅದರ ಮೊದಲ ಮುಖ್ಯಸ್ಥರು. ಇಲಾಖೆಯ ಹೆಸರಿನಲ್ಲಿದ್ದುದು ‘ಸಾಯಿಲ್’, ‘ಡರ್ಟ್’ ಅಲ್ಲ.

ಮಣ್ಣಿನ ವಿಜ್ಞಾನಿಗಳು ಈ ಭೇದವನ್ನು ಇಂದಿಗೂ ಎತ್ತಿಹಿಡಿಯುತ್ತಾರೆ. ಹೊಲದಲ್ಲಿ ಖನಿಜ, ಗಾಳಿ, ನೀರು, ಎರೆಹುಳು, ಸೂಕ್ಷ್ಮಜೀವಿಗಳೊಡನೆ ಕೂಡಿ ಬಾಳುವುದು ‘ಸಾಯಿಲ್’; ಅಲ್ಲಿಂದ ಕದಲಿ ನಮ್ಮ ಪಾದರಕ್ಷೆಗೆ ಅಂಟಿದುದು ‘ಡರ್ಟ್’. ಮಾಲಿನ್ಯವೆಂಬುದು ವಸ್ತುವಿನ ಗುಣವಲ್ಲ, ಅದು ತನ್ನ ಸ್ಥಾನ ತಪ್ಪಿರುವುದರ ಹೆಸರು ಎಂಬ ವಿಚಾರವನ್ನು 1966ರಲ್ಲಿ ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ ವಿಸ್ತಾರವಾಗಿ ಪ್ರತಿಪಾದಿಸಿದರು. ಅಂಗುಲದಷ್ಟು ಮೇಲ್ಮಣ್ಣು ಮೂಡಲು ಸಾಮಾನ್ಯವಾಗಿ ನೂರಾರು ವರ್ಷಗಳು ಬೇಕು. ಅದು ಸ್ಥಾನ ತಪ್ಪಲು ಒಂದು ಬಿರುಗಾಳಿ ಸಾಕು. ಕೊಳೆಗೂ ಮಣ್ಣಿಗೂ ಬೇರೆಬೇರೆ ಹೆಸರಿಟ್ಟುಕೊಂಡಿರುವ ನಮಗೆ ಈ ವಿವೇಕ ಸುಲಭವಾಗಬೇಕು. ಹೆಸರು ಬೇರೆಯಾದಷ್ಟರಿಂದಲೇ ಮಣ್ಣು ಉಳಿಯುವುದಿಲ್ಲವೆಂಬುದನ್ನು ಮಾತ್ರ ನಾವು ಮರೆಯಲಾಗದು.