ಬಯಲಿನಲ್ಲಿ ಹುಟ್ಟುವ ಕರೆಂಟು

1989ರ ಜುಲೈ 1ರಂದು ಪಶ್ಚಿಮ ಬರ್ಲಿನ್‌ನ ಕುರ್ಫ್ಯುರ್‌ಸ್ಟೆನ್‌ಡಾಮ್ ರಸ್ತೆಯಲ್ಲಿ ಸುಮಾರು 150 ಮಂದಿ ಟೆಕ್ನೋ ಸಂಗೀತಕ್ಕೆ ಕುಣಿಯುತ್ತ ಹೊರಟರು. ಕರೆ ಕೊಟ್ಟವರು ಡಿಜೆ ಡಾಕ್ಟರ್ ಮೊಟ್ಟೆ. ಪೊಲೀಸರ ದಾಖಲೆಯಲ್ಲಿ ಅದು ರಾಜಕೀಯ ಮೆರವಣಿಗೆ! ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ‘ಲವ್ ಪರೇಡ್’ಗೆ ಸಂಘಟಕರ ಲೆಕ್ಕದಂತೆ 15 ಲಕ್ಷ ಜನ ಸೇರಿದ್ದರು. ಸಾಲುಗಟ್ಟಿ ಸಾಗುವ ಲಾರಿಗಳ ಮೇಲೆ ಆಳೆತ್ತರದ ಸ್ಪೀಕರ್‌ಗಳು. ಚಲಿಸುವ ಲಾರಿಗೆ ಗೋಡೆಯ ಪ್ಲಗ್ ಎಲ್ಲಿ ಸಿಗಬೇಕು? ಸಂಗೀತದ ಜೊತೆಗೆ ಜನರೇಟರನ್ನೂ ಹೊತ್ತೇ ಸಾಗಬೇಕು. ರಾತ್ರಿಗೊಂದು ಊರಿನಂತೆ ತಿರುಗುವ ಯಕ್ಷಗಾನ ಮೇಳಗಳನ್ನು ಕಂಡವರಿಗೆ ಈ ಪಾಡು ಹೊಸದಲ್ಲ.

ಜನರೇಟರ್ ದೊಡ್ಡದಿದ್ದರೆ ಸಾಕು ಎಂಬುದು ಹೊರಗಿನವರ ನಂಬಿಕೆ. ಕಷ್ಟವಿರುವುದು ಸಂಗೀತದ ಸ್ವಭಾವದಲ್ಲಿ. ಪಂಪ್‌ಸೆಟ್ ಒಮ್ಮೆ ಹಿಡಿತಕ್ಕೆ ಬಂದರೆ ಒಂದೇ ಸಮನೆ ಓಡುತ್ತದೆ. ಆಂಪ್ಲಿಫೈಯರ್ ಹಾಗಲ್ಲ: ಡ್ರಮ್ಮಿನ ಪ್ರತಿ ಹೊಡೆತಕ್ಕೂ ಒಮ್ಮೆಲೇ ಎಳೆದು, ಮರುಕ್ಷಣ ಸುಮ್ಮನಾಗುತ್ತದೆ. ಜರ್ಮನಿಯ ವಿದ್ಯುತ್ತೂ ನಮ್ಮಂತೆಯೇ 50 ಹರ್ಟ್ಸ್. ಅದಕ್ಕಾಗಿ ದೊಡ್ಡ ಡೀಸೆಲ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಪ್ಪದೆ ತಿರುಗಬೇಕು. ಲೋಡ್ ಹಠಾತ್ತನೆ ಏರಿದಾಗ ಎಂಜಿನ್ ಕ್ಷಣಕಾಲ ತಗ್ಗುತ್ತದೆ, ವೋಲ್ಟೇಜೂ ಕುಸಿಯುತ್ತದೆ. ಡ್ರಮ್ಮಿನ ತಾಳಕ್ಕೆ ವೇದಿಕೆಯ ದೀಪ ಮಿಣುಕಿದರೆ ಅದು ಬೆಳಕಿನವನ ಚಮತ್ಕಾರವಲ್ಲ.

ಹಾಗೆಂದು ವಿಪರೀತ ದೊಡ್ಡದನ್ನು ತಂದರೂ ಕೇಡೇ. ಸಂಗೀತ ಸರಾಸರಿಯಲ್ಲಿ ತಿನ್ನುವುದು ಕಡಿಮೆ. ಆಂಪ್ಲಿಫೈಯರ್‌ನ ಪೂರ್ಣ ಶಕ್ತಿಯ ಎಂಟರಲ್ಲೊಂದು ಭಾಗ ಎಂಬುದು ವೇದಿಕೆಗೆ ವಿದ್ಯುತ್ ಒದಗಿಸುವವರ ರೂಢಿಯ ಲೆಕ್ಕ. ತೀರ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದ ಡೀಸೆಲ್ ಎಂಜಿನ್‌ನಲ್ಲಿ ಇಂಧನ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಎರಡು ಕೇಡುಗಳ ನಡುವೆ ಅಳತೆ ಹಿಡಿಯುವುದರಲ್ಲೇ ಇವರ ಕೈಚಳಕ. ಅನುಕೂಲವಿದ್ದ ಕಡೆ ದೀಪಕ್ಕೊಂದು, ಧ್ವನಿಗೊಂದು ಎಂದು ಬೇರೆ ಬೇರೆ ಜನರೇಟರ್ ಇಡುತ್ತಾರೆ. ಬೆಳಕನ್ನು ಏರಿಳಿಸುವ ಡಿಮ್ಮರ್‌ಗಳ ಗುಂಯ್ ಸದ್ದು ಸ್ಪೀಕರಿಗೆ ಹತ್ತಬಾರದು.

ನಿಜವಾದ ಭಯ ನ್ಯೂಟ್ರಲ್ ತಂತಿಯದ್ದು. ತ್ರೀ ಫೇಸ್ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಸಡಿಲಗೊಂಡು ಬಿಟ್ಟುಹೋದರೆ 230 ವೋಲ್ಟಿನ ಧ್ವನಿ ಮಿಕ್ಸರ್‌ಗೆ 400ರ ಹತ್ತಿರದವರೆಗೂ ನುಗ್ಗಬಹುದು. ಲಕ್ಷಗಟ್ಟಲೆ ಬೆಲೆಯ ಸಾಮಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತದೆ. ಅದಕ್ಕೇ ದಪ್ಪ ಕೇಬಲ್‌ಗಳನ್ನು ಒಂದೊಂದಾಗಿ ಜೋಡಿಸುವಾಗ ಕ್ರಮ ತಪ್ಪುವಂತಿಲ್ಲ: ಮೊದಲು ಹಸಿರು-ಹಳದಿಯ ಅರ್ಥಿಂಗ್, ಆಮೇಲೆ ನೀಲಿ ನ್ಯೂಟ್ರಲ್, ಕೊನೆಗೆ ಕಂದು, ಕಪ್ಪು, ಬೂದು ಬಣ್ಣದ ಮೂರು ಫೇಸ್. ಬಿಚ್ಚುವಾಗ ಇದರ ಉಲ್ಟಾ. ವಾದ್ಯಗಾರರಿಗೆ ಹೊಡೆದ ಶಾಕ್ ಪ್ರಾಣಕ್ಕೆ ಮುಳುವಾಗದಂತೆ 30 ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಸ್ವಿಚ್ ಬೇರೆ.

ನಮ್ಮಲ್ಲಿ ಈ ಕೆಲಸವನ್ನು ಹುಡುಗರು ಶಾಮಿಯಾನದವರ ಹಿಂದೆ ತಿರುಗಿಯೇ ಕಲಿಯುತ್ತಾರೆ. ಜರ್ಮನರು 1998ರಲ್ಲಿ ಇದನ್ನೊಂದು ಮಾನ್ಯ ವೃತ್ತಿಶಿಕ್ಷಣವನ್ನಾಗಿ ಮಾಡಿದರು. ಮೂರು ವರ್ಷ ಕಂಪನಿಯಲ್ಲಿ ದುಡಿಯುತ್ತಲೇ ಶಾಲೆಗೂ ಹೋಗಿ ಪರೀಕ್ಷೆ ಬರೆದವರು ಕಾರ್ಯಕ್ರಮ ತಂತ್ರಜ್ಞರಾಗುತ್ತಾರೆ; ಧ್ವನಿ, ಬೆಳಕಿನ ಜೊತೆ ವಿದ್ಯುತ್ತೂ ಪಾಠದಲ್ಲಿದೆ. ನಮ್ಮ ಹುಡುಗರ ಕೈಗುಣಕ್ಕೆ ನಾನು ಸಲಾಮು ಹೊಡೆಯುವವನೇ. ಆದರೂ ಜಾತ್ರೆಯಲ್ಲಿ ಒದ್ದೆ ನೆಲದ ಮೇಲೆ ಎಳೆದ, ಟೇಪು ಸುತ್ತದೆ ಜೋಡಿಸಿದ ವೈರು ಕಂಡಾಗ ಈ ಮೂರು ವರ್ಷ ಹೆಚ್ಚೆನಿಸುವುದಿಲ್ಲ.

ಆರಂಭದಲ್ಲಿ ಹೇಳಿದ ಲವ್ ಪರೇಡ್ ಮುಗಿದದ್ದು ದುರಂತದಲ್ಲಿ. 2010ರಲ್ಲಿ ಡ್ಯೂಸ್‌ಬರ್ಗ್‌ನ ನೂಕುನುಗ್ಗಲಿಗೆ 21 ಜನ ಸತ್ತರು. 2022ರಲ್ಲಿ ಡಾಕ್ಟರ್ ಮೊಟ್ಟೆ ಬರ್ಲಿನ್‌ನಲ್ಲಿ ‘ರೇವ್ ದ ಪ್ಲಾನೆಟ್’ ಹೆಸರಿನ ಮೆರವಣಿಗೆ ಹೊರಡಿಸಿದರು; 2024ರಲ್ಲಿ ಬರ್ಲಿನ್ ಟೆಕ್ನೋ ಸಂಸ್ಕೃತಿ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಈಗ ಇಂಥ ಸಂಗೀತ ಕಾರ್ಯಕ್ರಮಗಳಲ್ಲಿ ಜನರೇಟರ್ ಪಕ್ಕದಲ್ಲಿ ಬ್ಯಾಟರಿಯೂ ಬಂದು ನಿಂತಿದೆ. 2022ರಲ್ಲಿ ಶುರುವಾದ ಕೋಲ್ಡ್‌ಪ್ಲೇ ತಂಡದ ಪ್ರವಾಸಕ್ಕೆ ಬಿಎಂಡಬ್ಲ್ಯು ಕಂಪನಿ ತನ್ನ ಐ3 ಕಾರಿನ ಬ್ಯಾಟರಿಗಳಿಂದ ಮಾಡಿದ ವಿದ್ಯುತ್ ಭಂಡಾರ ಒದಗಿಸಿತು. ಡೀಸೆಲ್ ಉಳಿತಾಯದ ಮಾತು ಹಾಗಿರಲಿ, ಬ್ಯಾಟರಿಗೆ ತಿರುಗುವ ಭಾರವಿಲ್ಲ. ಡ್ರಮ್ಮಿನ ಹೊಡೆತಕ್ಕೆ ಬೇಕಾದ ಕರೆಂಟನ್ನು ತಡವರಿಸದೆ ಕೊಡುತ್ತದೆ. ಎರಡನ್ನೂ ಜೋಡಿಸಿದ ಕಡೆ ಹೊಡೆತಗಳನ್ನು ಬ್ಯಾಟರಿ ತಾಳಿಕೊಳ್ಳುತ್ತದೆ, ಸರಾಸರಿ ಹೊರೆಯನ್ನು ಹೊರಲು ಮೊದಲಿಗಿಂತ ಚಿಕ್ಕ ಜನರೇಟರ್ ಸಾಕಾಗುತ್ತದೆ.