ಫರಸಿ ಮನೆಯಲ್ಲಿ ಬ್ರಿಡ್ಜ್ ಮೋಡ್

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ನೆಲದಡಿ ಸುಣ್ಣದ ಕಲ್ಲು ಪದರು ಪದರಾಗಿ ಹರಡಿಕೊಂಡಿದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಅದನ್ನು ಸುಟ್ಟು ಸಿಮೆಂಟ್ ಮಾಡುತ್ತವೆ. ಗಣಿಗಳಲ್ಲಿ ಪದರು ಬಿಡಿಸಿ ತೆಗೆದದ್ದು ಫರಸಿಯಾಗಿ ದೇಶದ ಎಷ್ಟೋ ಊರುಗಳ ನೆಲ ಸೇರಿದೆ. ಈ ಭಾಗದ ಹಳೆಯ ಮನೆಗಳಲ್ಲಂತೂ ನೆಲ, ಗೋಡೆ, ಎಷ್ಟೋ ಕಡೆ ಮಾಳಿಗೆಯೂ ಕಲ್ಲಿನದೇ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಈ ದಪ್ಪ ಗೋಡೆಗಳೇ ಮನೆಮಂದಿಯನ್ನು ಕಾಯುತ್ತವೆ. ಆದರೆ ಅದೇ ಗೋಡೆ ವೈಫೈ ಅಲೆಯನ್ನೂ ತಡೆಯುತ್ತದೆ. 2.4 ಗಿಗಾಹರ್ಟ್ಸ್ ಅಲೆ ಹೇಗೋ ಒಂದು ಗೋಡೆ ದಾಟೀತು. ಹೆಚ್ಚು ವೇಗದ 5 ಗಿಗಾಹರ್ಟ್ಸ್ ಅಲೆ ಅಲ್ಲೇ ಸೊರಗುತ್ತದೆ. ಹಾಗಾಗಿ ಇಲ್ಲಿ ಫೈಬರ್ ಜೋಡಿಸುವವರು ಇಂಟರ್ನೆಟ್ ಹೊತ್ತ ಬೆಳಕನ್ನು ಮನೆಗೆ ತಂದರೆ ಸಾಲದು, ಅದನ್ನು ಒಳಕೋಣೆಯವರೆಗೂ ಮುಟ್ಟಿಸಬೇಕು.

ಮೊದಲು ಬೆಳಕಿನ ದಾರಿ ನೋಡೋಣ. ಎಕ್ಸ್‌ಚೇಂಜಿನ ಯಂತ್ರದಿಂದ ಹೊರಟ ಒಂದು ಎಳೆ, ದಾರಿಯಲ್ಲಿ ಸ್ಪ್ಲಿಟರ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 32 ಅಥವಾ 64 ಕವಲಾಗುತ್ತದೆ. ಆ ಪೆಟ್ಟಿಗೆಗೆ ಕರೆಂಟ್ ಬೇಕಿಲ್ಲ. ಗಾಜಿನೊಳಗೆ ಬೆಳಕು ತಾನೇ ಹಂಚಿಕೊಂಡು ಹೋಗುತ್ತದೆ. ಒಂದೊಂದು ಕವಲು ಕಂಬದಿಂದ ಕಂಬಕ್ಕೆ ಸಾಗಿ ಒಂದೊಂದು ಮನೆ ಸೇರುತ್ತದೆ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟರಲ್ಲೊಂದು ಭಾಗ. ಬೆಳಕು ಹರಿಯುವ ಒಡಲು ಅದರ ನಡುವಿನ ಸುಮಾರು 9 ಮೈಕ್ರಾನ್ ಮಾತ್ರ. ಜಿಪಾನ್ ಎಂಬ ಪದ್ಧತಿಯಲ್ಲಿ ಮನೆಯತ್ತ ಬರುವ ಮಾಹಿತಿ 1490 ನ್ಯಾನೋಮೀಟರ್ ಬೆಳಕಿನಲ್ಲಿ, ಮನೆಯಿಂದ ಹೋಗುವುದು 1310ರಲ್ಲಿ, ಅದೇ ಒಂದು ಎಳೆಯಲ್ಲಿ, ಒಂದಕ್ಕೊಂದು ಅಡ್ಡಿಯಾಗದೆ ಓಡಾಡುತ್ತವೆ. ಎರಡೂ ಕಣ್ಣಿಗೆ ಕಾಣದ ಬೆಳಕು. ಕಾಣುವುದಿಲ್ಲವೆಂದು ಎಳೆಯ ತುದಿಗೆ ಕಣ್ಣು ಹಚ್ಚಿ ನೋಡುವಂತಿಲ್ಲ.

ಎಳೆಗೆ ಎಳೆ ಬೆಸೆಯುವುದು ಈ ಕಸುಬಿನ ಅತಿ ನಾಜೂಕಿನ ಘಟ್ಟ. ಮೇಲಿನ ಹೊದಿಕೆಯನ್ನು ಸ್ಟ್ರಿಪ್ಪರಿನಿಂದ ಬಿಡಿಸುತ್ತಾರೆ. ಸ್ಪಿರಿಟ್ ಹಚ್ಚಿದ ತುಂಡಿನಿಂದ ಗಾಜನ್ನು ಒರೆಸುತ್ತಾರೆ. ಶುದ್ಧವಾದ ಎಳೆ ಒರೆಸುವಾಗ ಸಣ್ಣಗೆ ಕಿರುಗುಟ್ಟುತ್ತದೆ. ಆಮೇಲೆ ಕ್ಲೀವರ್ ಎಂಬ ಉಪಕರಣದಲ್ಲಿಟ್ಟು ತುದಿಯನ್ನು ನೇರವಾಗಿ ತುಂಡರಿಸುತ್ತಾರೆ. ಇದು ಕತ್ತರಿಯಿಂದ ಆಗುವ ಕೆಲಸವಲ್ಲ. ಹರಿತವಾದ ಅಂಚಿನಿಂದ ಗಾಜಿನ ಮೇಲೆ ಒಂದು ಗೀರು ಹಾಕಿ, ಅಲ್ಲೇ ಮುರಿಯುವಂತೆ ಒತ್ತಡ ಕೊಡಬೇಕು. ತುಂಡರಿಸಿದ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಟ್ಟರೆ, ಪುಟ್ಟ ಪರದೆಯ ಮೇಲೆ ಅವು ಎರಡು ಕೋಲುಗಳಂತೆ ದೊಡ್ಡದಾಗಿ ಕಾಣುತ್ತವೆ. ಯಂತ್ರ ಅವನ್ನು ಸಾಲಿಗೆ ತಂದು, ವಿದ್ಯುತ್ ಕಿಡಿಯಿಂದ ಕರಗಿಸಿ ಒಂದು ಮಾಡುತ್ತದೆ. ಮೊದಲೇ ಪೋಣಿಸಿಟ್ಟ ಸ್ಲೀವನ್ನು ಬೆಸುಗೆಯ ಮೇಲೆ ಸರಿಸಿ ಕಾಯಿಸಿದರೆ ಅದು ಕುಗ್ಗಿ ಕೂತು ಕಾಪಾಗುತ್ತದೆ. ಸಿಮೆಂಟಿನ ಧೂಳು ಹಾರಾಡುವ ಊರುಗಳಲ್ಲಿ ಇಷ್ಟನ್ನೂ ಗಾಳಿಗೆ ಬೆನ್ನು ಕೊಟ್ಟು, ಹಲವು ಸಲ ಬೀದಿಬದಿಯಲ್ಲೇ ಕೂತು ಮಾಡಬೇಕು. ತುದಿಯ ಮೇಲೆ ಒಂದು ಕಣ ಉಳಿದರೂ ಬೆಸುಗೆ ಕೆಡುತ್ತದೆ.

ಮುಗಿದ ಮೇಲೆ ಪವರ್ ಮೀಟರ್ ಹಚ್ಚಿ ಅಳೆಯುತ್ತಾರೆ. ಸಾಮಾನ್ಯ ಜಿಪಾನ್ ಸಂಪರ್ಕದಲ್ಲಿ ಮನೆ ಮುಟ್ಟಿದ ಬೆಳಕು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೂರು ಅಂಕ ಇಳಿದರೆ ಬೆಳಕು ಅರ್ಧವಾಯಿತೆಂದೇ ಲೆಕ್ಕ. ಅಳತೆ ಸರಿ ಬಂದರೆ ಹಸಿರು ಕನೆಕ್ಟರನ್ನು ಮೋಡೆಮಿಗೆ ಸಿಕ್ಕಿಸುತ್ತಾರೆ. ಅದರ ತುದಿ 8 ಡಿಗ್ರಿ ಓರೆಯಾಗಿರುವುದರಿಂದ ಬೆಳಕು ಪುಟಿದು ಬಂದ ದಾರಿಗೇ ಮರಳುವುದಿಲ್ಲ. ನೀಲಿ ಕನೆಕ್ಟರಿನ ತುದಿ ನೇರ. ಎರಡನ್ನೂ ಒಂದಕ್ಕೊಂದು ಜೋಡಿಸಬಾರದು.

ಮನೆಯವರು ಮೋಡೆಮ್ ಎನ್ನುವ ಆ ಡಬ್ಬಿ ವಾಸ್ತವದಲ್ಲಿ ಮೂರು ಕೆಲಸ ಮಾಡುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಒಂದು. ಕಂಪನಿಗೆ ಲಾಗಿನ್ ಆಗಿ, ಸಿಕ್ಕ ಒಂದೇ ವಿಳಾಸದ ಕೆಳಗೆ ಮನೆಯ ಎಲ್ಲ ಫೋನು, ಟಿವಿಗಳ ವ್ಯವಹಾರ ನಡೆಸುವುದು ಎರಡು. ಇದಕ್ಕೆ ನ್ಯಾಟ್ ಎನ್ನುತ್ತಾರೆ. ವೈಫೈ ಹರಡುವುದು ಮೂರು. ಫೈಬರ್ ಬಂದು ಸೇರುವುದು ಬೀದಿಯ ಗೋಡೆಗೆ, ಓದುವ ಮಕ್ಕಳು ಇರುವುದು ಒಳಕೋಣೆಯಲ್ಲಿ. ಅದಕ್ಕೆಂದು ಒಳ್ಳೆಯ ರೂಟರೊಂದನ್ನು ತಂದು ಮೋಡೆಮಿಗೆ ಹಾಗೇ ಜೋಡಿಸಿದರೆ ಇಂಟರ್ನೆಟ್ ನಡೆಯುತ್ತದೆ, ಆದರೆ ನ್ಯಾಟ್ ಎರಡು ಸಲ ಆಗುತ್ತದೆ. ದೊಡ್ಡ ವಾಡೆಯೊಂದಕ್ಕೆ ಬಂದ ಟಪಾಲನ್ನು ಇಬ್ಬರು ಕಾರಭಾರಿಗಳು ಒಬ್ಬರಾದ ಮೇಲೊಬ್ಬರು ತೆರೆದು, ವಿಳಾಸ ಬದಲಿಸಿ ಹಂಚಿದ ಹಾಗೆ. ಹೊರಗಿನಿಂದ ಸಿಸಿಟಿವಿ ನೋಡುವುದು, ಆನ್‌ಲೈನ್ ಆಟ ಇಂಥವು ಆಗ ತೊಡಕುತ್ತವೆ. ಈ ತೊಡಕು ಬಿಡಿಸುವ ಬ್ರಿಡ್ಜ್ ಮೋಡ್ ಎಂಬ ಹೊಂದಿಕೆ ಮೋಡೆಮಿಗೆ ಮೊದಲ ಕೆಲಸ ಮಾತ್ರ ಉಳಿಸಿ, ಮಿಕ್ಕ ಎರಡನ್ನೂ ರೂಟರಿಗೆ ವಹಿಸುತ್ತದೆ.

ಬಲ್ಲವರು ಬದಲಿಸುವ ಮೊದಲು ಬರೆದಿಟ್ಟುಕೊಳ್ಳುತ್ತಾರೆ. ಮೋಡೆಮಿನ ಸೆಟ್ಟಿಂಗ್ ಪುಟ ತೆರೆದು ಕಂಪನಿ ಈ ಸಂಪರ್ಕಕ್ಕೆ ಕೊಟ್ಟ ವಿಲ್ಯಾನ್ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಪುಟದ ಫೋಟೊ ತೆಗೆದಿಡುತ್ತಾರೆ. ಕಂಪನಿಗೆ ಲಾಗಿನ್ ಆಗುವ ಪದ್ಧತಿಗೆ ಪಿಪಿಪಿಒಇ ಎನ್ನುತ್ತಾರೆ, ಅದರ ಹೆಸರು, ಪಾಸ್‌ವರ್ಡ್ ಕಂಪನಿಯಿಂದಲೇ ಪಡೆಯಬೇಕು. ಕೆಲವು ಮೋಡೆಮ್‌ಗಳಲ್ಲಿ ಈ ಬದಲಾವಣೆಗೆ ಬೀಗ ಹಾಕಿರುತ್ತದೆ. ಆಗ ಕಂಪನಿಯವರೇ ಮಾಡಿಕೊಡಬೇಕು. ಬಳಿಕ ಸಂಪರ್ಕದ ಬಗೆಯನ್ನು ರೂಟ್‌ನಿಂದ ಬ್ರಿಡ್ಜ್‌ಗೆ ಬದಲಿಸಿ, ವಿಲ್ಯಾನ್ ಸಂಖ್ಯೆಯನ್ನು ಹಾಗೇ ಉಳಿಸಿ, ಅದನ್ನು ಮೊದಲ ಲ್ಯಾನ್ ಪೋರ್ಟಿಗೆ ಕಟ್ಟುತ್ತಾರೆ. ಮೋಡೆಮಿನ ವೈಫೈ ಆರಿಸುತ್ತಾರೆ. ಲ್ಯಾಂಡ್‌ಲೈನ್ ಫೋನಿನ ಸಂಪರ್ಕ ಬೇರೆ ಸಾಲಿನಲ್ಲಿರುತ್ತದೆ, ಅದನ್ನು ಮುಟ್ಟುವುದಿಲ್ಲ. ಮೊದಲ ಲ್ಯಾನ್ ಪೋರ್ಟಿನಿಂದ ಹೊರಟ ಕೇಬಲ್, ರೂಟರಿಗೆ ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟ್ ಸೇರುತ್ತದೆ. ರೂಟರಿನಲ್ಲಿ ಪಿಪಿಪಿಒಇ ಆರಿಸಿ ಲಾಗಿನ್ ತುಂಬುತ್ತಾರೆ. ಈ ಪದ್ಧತಿ ಒಂದೊಂದು ಪೊಟ್ಟಣದಲ್ಲೂ 8 ಬೈಟ್ ತನಗೆ ಇಟ್ಟುಕೊಳ್ಳುವುದರಿಂದ ಪೊಟ್ಟಣದ ಗರಿಷ್ಠ ಗಾತ್ರವಾದ ಎಂಟಿಯು 1500 ಬದಲು 1492 ಇರಬೇಕು.

ಇಲ್ಲಿ ತಾಳ್ಮೆ ಬೇಕು. ಹಳೆಯ ಲಾಗಿನ್ ಕಂಪನಿಯ ಕಡೆ ಇನ್ನೂ ಜೀವಂತವಿದ್ದರೆ ಹೊಸದಕ್ಕೆ ಪ್ರವೇಶ ಸಿಗುವುದಿಲ್ಲ. ಅರಿಯದವರು ಪಾಸ್‌ವರ್ಡ್ ತಪ್ಪಾಯಿತೆಂದು ಎಲ್ಲವನ್ನೂ ಕಲಕಿಬಿಡುತ್ತಾರೆ. ಅನುಭವಿಗಳು ಮೋಡೆಮ್ ಆರಿಸಿ, ಕೆಲವು ನಿಮಿಷ ಬಿಟ್ಟು ಮತ್ತೆ ಹಚ್ಚುತ್ತಾರೆ. ಕಂಪನಿಯೇ ತನ್ನ ಕಡೆ ಒಂದು ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದರೆ, ಬ್ರಿಡ್ಜ್ ಮೋಡ್ ಅದನ್ನು ತಪ್ಪಿಸಲಾರದು ಎಂಬುದನ್ನೂ ಅವರು ಮೊದಲೇ ಹೇಳಿರುತ್ತಾರೆ.

ಇನ್ನು ರೂಟರಿನ ಜಾಗ. ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ಸಂಕೇತ ಒಯ್ಯಬಲ್ಲದು, ಗೋಡೆ ಎಷ್ಟು ದಪ್ಪವಿದ್ದರೂ ಅದಕ್ಕೆ ಲೆಕ್ಕವಿಲ್ಲ. ಕಲ್ಲು ಕೊರೆಯುವ ಬದಲು ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ತೊಲೆಯ ಗುಂಟ ಕೇಬಲ್ ಎಳೆದು, ಹೆಚ್ಚು ಕೋಣೆಗಳ ಬಾಗಿಲು ತೆರೆದುಕೊಳ್ಳುವ ಪಡಸಾಲೆಯಲ್ಲಿ ರೂಟರನ್ನು ಎತ್ತರದಲ್ಲಿ ಕೂರಿಸುತ್ತಾರೆ. ಅಲೆ ಆಮೇಲೆ ಬಾಗಿಲುಗಳ ಮೂಲಕವೇ ಕೋಣೆ ಹೊಗುತ್ತದೆ. ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಎರಡೂ ಡಬ್ಬಿಗಳಿಗೆ ಬ್ಯಾಟರಿಯ ಆಸರೆ ಬೇಕು.

ಹೀಗೆ ಕೆಲಸ ಬೇರೆಯಾದದ್ದರ ಬೆಲೆ ತಿಳಿಯುವುದು ಸಂಪರ್ಕ ಕೆಟ್ಟ ದಿನ. ಚಿಂಚೋಳಿ ತಾಲೂಕಿನ ಕಾಡಂಚಿನ ಊರಿಗೆ ಹೋಗಿ ಬರುವುದೆಂದರೆ ಒಂದು ಹೊತ್ತಿನ ಕೆಲಸ. ಅದಕ್ಕೇ ಜೋಡಿಸಿದವರು ಮೊದಲು ಫೋನಿನಲ್ಲೇ ಕೇಳುತ್ತಾರೆ: "ಕಾಕಾ, ಮೋಡೆಮಿನಾಗ ಕೆಂಪು ಲೈಟ್ ಹತ್ಯಾದೇನು ನೋಡ್ರಿ." ಕೆಂಪು ಹತ್ತಿದ್ದರೆ ಬೆಳಕು ಬರುತ್ತಿಲ್ಲ, ಬಹುಶಃ ಎಳೆ ಎಲ್ಲೋ ತುಂಡಾಗಿದೆ, ಸ್ಪ್ಲೈಸಿಂಗ್ ಯಂತ್ರ ಹೊತ್ತು ಹೊರಡಬೇಕು. ಬೆಳಕಿನ ಸಂಪರ್ಕ ತೋರಿಸುವ ಪಾನ್ ದೀಪ ಹಸಿರಾಗಿ ನಿಂತಿದ್ದರೆ ಎಳೆ ನೆಟ್ಟಗಿದೆ. ಲಾಗಿನ್ ಅಥವಾ ರೂಟರ್ ನೋಡಿದರಾಯಿತು, ಅದು ಬಹುಪಾಲು ಫೋನಿನಲ್ಲೇ ಮುಗಿಯುತ್ತದೆ. ಒಂದೊಂದು ಡಬ್ಬಿಗೆ ಒಂದೊಂದು ಹೊಣೆ ಇದ್ದರೆ ಕೆಟ್ಟದ್ದು ಯಾವುದೆಂದು ಮನೆಯ ಹಿರಿಯರೂ ನೋಡಿ ಹೇಳಬಲ್ಲರು. ಜೋಡಿಸಿದವರ ಜಾಣ್ಮೆಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.