ನೀರು ಕುದಿಯಲು ಹತ್ತು ನಿಮಿಷ, ಮೂಳೆ ಬಾಗಲು ಹತ್ತು ವರ್ಷ

ಒಂದು ಪಾತ್ರೆ ನೀರು ಕುದಿಯಲು ಹತ್ತು ನಿಮಿಷ ಸಾಕು. ಕಲುಷಿತ ನೀರು ಕುಡಿದವರಿಗೆ ಒಂದೆರಡು ದಿನಗಳಲ್ಲೇ ವಾಂತಿಭೇದಿ ಶುರುವಾಗುತ್ತದೆ. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣಾಂಶ ಮೂಳೆಯನ್ನು ಕೆಡಿಸಲು ಹತ್ತು, ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ. ಎರಡೂ ನೀರಿನಿಂದಲೇ ಬರುವ ತೊಂದರೆ. ಒಂದು ಇಷ್ಟು ಬೇಗ, ಇನ್ನೊಂದು ಇಷ್ಟು ನಿಧಾನ ಏಕೆ?

ಉತ್ತರ ಸರಳ. ರೋಗಾಣು ಬೆಳೆಯುತ್ತದೆ, ಫ್ಲೋರೈಡ್ ಕೂಡಿಕೊಳ್ಳುತ್ತದೆ. ಒಂದು ರೋಗಾಣು ಎರಡಾಗಿ, ಎರಡು ನಾಲ್ಕಾಗಿ ಗಂಟೆಗಳಲ್ಲಿ ಲಕ್ಷಗಟ್ಟಲೆಯಾಗುತ್ತದೆ. ಇದು ಚಕ್ರಬಡ್ಡಿಯ ಲೆಕ್ಕ. ಫ್ಲೋರೈಡ್ ತಾನಾಗಿ ಹೆಚ್ಚುವುದಿಲ್ಲ. ಮಗುವಿನ ಹುಂಡಿಗೆ ಬೀಳುವ ಚಿಲ್ಲರೆಯಂತೆ ದಿನಕ್ಕಿಷ್ಟು ಸೇರುತ್ತದೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ ದೇಹಕ್ಕೆ ಹೋಗುವುದು 9 ಮಿಲಿಗ್ರಾಂ. ವರ್ಷಕ್ಕೆ ಅದು 3 ಗ್ರಾಂ ದಾಟುತ್ತದೆ. ಮೂತ್ರಪಿಂಡಗಳು ಒಂದಷ್ಟನ್ನು ಹೊರಹಾಕುತ್ತವೆ, ಉಳಿದದ್ದು ಮೂಳೆಯಲ್ಲಿ ನಿಲ್ಲುತ್ತದೆ. ಬರುವುದು ಹೋಗುವುದಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಹುಂಡಿ ತುಂಬಲು ವರ್ಷಗಳೇ ಬೇಕು.

ನೀರಿಗೆ ಫ್ಲೋರೈಡ್ ಸೇರುವುದೂ ಅಷ್ಟೇ ನಿಧಾನ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮುರಕಲ್ಲಿನ ನೆಲ ಬೇಗ ನೀರು ಹೀರುತ್ತದೆ, ಮಳೆಗಾಲದಲ್ಲಿ ತೆರೆದ ಬಾವಿ ತುಂಬುತ್ತದೆ. ಚಳ್ಳಕೆರೆಯ ಕಡೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಕೆಳಗೆ ಗಟ್ಟಿ ಬಂಡೆ. ಇಂಗಿದ ಅಲ್ಪ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕಲ್ಲಿನಲ್ಲಿರುವ ಫ್ಲೋರೈಡ್ ಖನಿಜಗಳನ್ನು ಚೂರುಚೂರೇ ಕರಗಿಸಿಕೊಳ್ಳುತ್ತದೆ. ಚಹಾಪುಡಿ ಬಿಸಿನೀರಿನಲ್ಲಿ ಹೆಚ್ಚು ಹೊತ್ತು ನೆನೆದಷ್ಟೂ ಕಷಾಯ ಗಾಢವಾಗುವಂತೆ ಇದು. ಕೊಳವೆಬಾವಿ ಆಳಕ್ಕೆ ಹೋದಂತೆ ಹಳೆಯ ನೀರು ಸಿಗುತ್ತದೆ. ವರ್ಷಗಟ್ಟಲೆ ಶೇಖರವಾದದ್ದನ್ನು ಪಂಪು ಕೆಲವೇ ಗಂಟೆಗಳಲ್ಲಿ ಮೇಲೆತ್ತಿಬಿಡುತ್ತದೆ.

ನಿಧಾನವಾದದ್ದು ಎಚ್ಚರಿಕೆ ಕೊಡುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಹೆಚ್ಚಾಗಿ ಎಂಟು ವರ್ಷದೊಳಗೆ. ಮೂರನೆಯ ವರ್ಷದಲ್ಲಿ ಆದ ಹಾನಿ ಏಳನೆಯ ವರ್ಷದಲ್ಲಿ ಹಲ್ಲು ಹೊರಬಂದಾಗಲೇ ಕಾಣುತ್ತದೆ. ಹಲ್ಲಿನ ಕಂದು ಕಲೆಯನ್ನು ಉಜ್ಜಿ ತೆಗೆಯಲಾಗದು. ಮಗು ಹಲ್ಲುಜ್ಜುವುದಿಲ್ಲವೆಂದು ಗದರುವುದು ಅನ್ಯಾಯ. ದೊಡ್ಡವರಲ್ಲಿ ಮೊದಲು ಕೀಲುನೋವು, ಬೆನ್ನಿನ ಬಿಗಿತ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತೇವೆ. ನಮ್ಮ ದೇಶದಲ್ಲಿ ಈ ರೋಗದ ಮೊದಲ ವೈದ್ಯಕೀಯ ವರದಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ 1937ರಲ್ಲಿ ಬಂದಿತು. ಜನರು ಅದಕ್ಕೂ ಬಹಳ ಹಿಂದಿನಿಂದ ಆ ನೀರನ್ನೇ ಕುಡಿಯುತ್ತಿದ್ದರು.

ಇಲ್ಲಿ ಒಂದು ತಪ್ಪು ತಿಳುವಳಿಕೆ ಹೋಗಬೇಕು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಹತ್ತು ಲೀಟರ್ ನೀರು ಕುದಿದು ಎಂಟಾದರೆ, ಲೀಟರಿಗೆ 3 ಮಿಲಿಗ್ರಾಂ ಇದ್ದದ್ದು 3.75 ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೂ 1.5 ಮೀರಬಾರದು.

ಶಿಕ್ಷಕರಾಗಿ, ದಾದಿಯರಾಗಿ, ಸಮಾಜಸೇವಕರಾಗಿ ಆ ಸೀಮೆಗೆ ಹೋಗುವವರು ಮೊದಲು ಅಲ್ಲಿನ ಕುಡಿಯುವ ನೀರನ್ನು ಪರೀಕ್ಷೆಗೆ ಕಳುಹಿಸಲಿ. ಶುದ್ಧ ನೀರಿನ ಘಟಕವಿದ್ದರೆ ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಕುಡಿಯಲು, ಅಡುಗೆಗೆ ಅದೇ ನೀರು ಮೊದಲು ಸಿಗಲಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಕೊಳವೆಬಾವಿಯ ನೀರು ಸಾಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಶಾಲೆಯ ಮಾಡಿನ ನೀರನ್ನು ಶುಚಿಯಾಗಿ ತೊಟ್ಟಿಯಲ್ಲಿ ಹಿಡಿದಿಟ್ಟು, ಕುದಿಸಿ ಕುಡಿಯಬಹುದು.

ನೀರು ಬದಲಾದ ಮೇಲೂ ಮೂಳೆಯಲ್ಲಿ ಸೇರಿದ್ದು ಹೊರಹೋಗಲು ವರ್ಷಗಳು ಬೇಕು, ಕಲೆಯಾದ ಹಲ್ಲು ಮೊದಲಿನಂತಾಗುವುದಿಲ್ಲ. ಒಂದು ತಿಂಗಳು ಒಳ್ಳೆಯ ನೀರು ಕುಡಿದು "ನೋವು ಹೋಗಲಿಲ್ಲ" ಎಂದು ಬಿಟ್ಟುಬಿಡುವವರಿಗೆ ಇದನ್ನು ತಾಳ್ಮೆಯಿಂದ ಹೇಳಬೇಕು. ನಿಧಾನವಾಗಿ ಬಂದದ್ದು ನಿಧಾನವಾಗಿಯೇ ಹೋಗುತ್ತದೆ. ಆದರೆ ಇಂದು ಹುಟ್ಟಿದ ಮಗುವಿನ ಹುಂಡಿ ಇನ್ನೂ ಖಾಲಿಯಿದೆ. ಅದನ್ನು ಹಾಗೆಯೇ ಉಳಿಸುವುದು ನಮ್ಮ ಕೈಯಲ್ಲಿದೆ.